ಬ್ಲಾಸ್ಟ್ ಎಂಬ ಮಾತಿನ ಮೊದಲ ಅರ್ಥ

ನಾರಾಯಣಪೇಟೆ,
೧೪ ಜುಲೈ ೨೦೨೫

ಪ್ರೀತಿಯ ಸಿದ್ದರಾಮೇಶ,

ಆರೋಗ್ಯ ಹೇಗಿದೆ? ಕಲ್ಲಿನ ಧೂಳಿಗೆ ಹತ್ತಿದ ಕೆಮ್ಮು ಇಳಿಯಿತೇ? ನಿಮ್ಮ ಕ್ವಾರಿಯ ಕಡೆ ಫೋನ್ ಹತ್ತುತ್ತಿಲ್ಲ. ನಿನ್ನ ಜೊತೆಗಾರ ಯಂಕಣ್ಣ ಇಂದು ಅಲ್ಲಿಗೆ ಮರಳುತ್ತಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕೊಟ್ಟಿದ್ದೇನೆ. ನೀನು ತಂದೆಯಾದೆ, ಮಗನೇ. ಹೆಣ್ಣು ಮಗು.

ನಿನ್ನೆ ಬೆಳಿಗ್ಗೆ ವಿಜಯಶ್ರೀಗೆ ದಿನ ತುಂಬುವ ಮೊದಲೇ ನೋವು ಬಂತು. ಆಂಬ್ಯುಲೆನ್ಸ್ ಕಾಯದೆ ಮಕ್ತಲ್‌ನಿಂದ ಇಲ್ಲಿನ ಆಸ್ಪತ್ರೆಗೆ ಆಟೋದಲ್ಲಿ ಹೊರಟೆವು. ನಮ್ಮ ಓಣಿಯ ನರ್ಸ್ ಸ್ರವಂತಿ ಅವಳ ಜೊತೆ ಹಿಂದೆ, ನಾನು ಡ್ರೈವರನ ಪಕ್ಕ. ಅರ್ಧ ದಾರಿಯಲ್ಲಿ ಸ್ರವಂತಿ ಕೂಗಿದಳು: “ಮಾಸ್ತರ್ರೀ, ಆಟೋ ನಿಲ್ಸಾಕ ಹೇಳ್ರಿ!” ಹತ್ತಿಯ ಹೊಲದ ಪಕ್ಕ ಮಗು ಹುಟ್ಟಿತು. ಅಳಲಿಲ್ಲ. ಮೈಯೆಲ್ಲ ನೀಲಿ. ಒರೆಸಿದಳು, ಬೆನ್ನು ತಿಕ್ಕಿದಳು, ಏನೂ ಆಗಲಿಲ್ಲ. ಆಮೇಲೆ ಆ ಪುಟ್ಟ ಬಾಯಿ, ಮೂಗು ಎರಡನ್ನೂ ತನ್ನ ಬಾಯಿಂದ ಮುಚ್ಚಿ ಊದಿದಳು. ಜೋರಾಗಿ ಅಲ್ಲ, ಕೆನ್ನೆಯಲ್ಲಿ ಹಿಡಿಯುವಷ್ಟೇ ಗಾಳಿ. ಊದಿ ನೋಡಿದಳು, ಮತ್ತೆ ಊದಿದಳು. ಆ ಎದೆ ಏಳುವುದನ್ನು ನಾನು ಕಂಡೆ, ಸಿದ್ದೂ. ಕೀರಲು ದನಿಯೊಂದು ಹೊರಟಿತು. “ಅಳಾಕ ಹತ್ತ್ಯಾಳ ನೋಡ್ರಿ, ನಿಮ್ಮ ಮೊಮ್ಮಗಳು!” ಎಂದು ಸ್ರವಂತಿಯೇ ಅತ್ತುಬಿಟ್ಟಳು. ಡ್ರೈವರ್ ರಸ್ತೆಯಲ್ಲೇ ಕೈ ಮುಗಿದು ನಿಂತಿದ್ದ.

ಆಸ್ಪತ್ರೆಯಲ್ಲಿ ಮಗುವಿನ ತಂದೆಯ ಕೆಲಸ ಕೇಳಿದರು. ಕ್ವಾರಿಯಲ್ಲಿ ಬ್ಲಾಸ್ಟರ್ ಎಂದೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಬ್ಲಾಸ್ಟ್ ಅಂದರೆ ಸ್ಫೋಟ ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತಿದ್ದೆ. ಯಾಕೋ ವರಾಂಡದಲ್ಲಿ ಕೂತು ಫೋನಿನಲ್ಲಿ ನಿಘಂಟು ತೆರೆದೆ. ಈಗಿನ ಹುಡುಗರಿಗೆ ಅದು ಮೋಜು. ಭತ್ತಕ್ಕೆ ತಗುಲಿದರೆ ಬೆಂಕಿ ರೋಗ. ಕೊಂಬು ಊದಿದರೆ ಅದರ ದನಿ. ಸಿಡಿಮದ್ದಿನ ಅರ್ಥ ಸೇರಿದ್ದು ಬಹಳ ತಡವಾಗಿ. ಎಲ್ಲಕ್ಕೂ ಮೊದಲು, ಸಾವಿರ ವರ್ಷದ ಹಿಂದೆ, ಬೀಸುವ ಗಾಳಿ, ಊದುವುದು, ಅಷ್ಟೇ. ಬಂಡೆ ಸೀಳುವ ನಿನ್ನ ಕೆಲಸಕ್ಕೂ ಆ ಹೆಣ್ಣುಮಗಳ ಬಾಯಿಯ ಗಾಳಿಗೂ ಒಂದೇ ಮಾತು! ಎದ್ದು ಹೋಗಿ ಗಾಜಿನಾಚೆ ಮಲಗಿದ್ದ ಮಗುವನ್ನು ನೋಡುತ್ತ ನಿಂತೆ. ಅಂಗೈಯಗಲದ ಎದೆ ತಾನಾಗಿಯೇ ಏಳುತ್ತಿತ್ತು, ಇಳಿಯುತ್ತಿತ್ತು.

ನಿನ್ನ ಅವ್ವ ಯಂಕಣ್ಣನ ಕೈಯಲ್ಲಿ ಸಜ್ಜೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದಾಳೆ. ನಮ್ಮಿಬ್ಬರ ಹರಕೆ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಶರಣಯ್ಯ

ತಾ.ಕ.: ವಿಜಯಶ್ರೀ ಇದನ್ನು ಬರೆಯಬೇಡಿರೆಂದಿದ್ದಳು. ಅವಳಿಗೆ ಬಹಳ ರಕ್ತ ಹೋಗಿದೆ. ಈಗ ಅಪಾಯವಿಲ್ಲ ಎನ್ನುತ್ತಾರೆ ಡಾಕ್ಟರ್. “ಅವರು ಗಾಬರಿ ಆಗ್ತಾರ, ಬ್ಯಾಡ್ರಿ ಮಾವ” ಅನ್ನುತ್ತಾಳೆ. ಆದರೆ ವಾರ್ಡಿನ ಬಾಗಿಲ ಸದ್ದಾದಾಗಲೆಲ್ಲ ದಿಂಬಿನಿಂದ ತಲೆ ಎತ್ತಿ ನೋಡುತ್ತಾಳೆ. ಹೊರಟು ಬಾ.