ಸೋಂಕಿನ ವೇಷ

ಮಾರ್ಚ್ ೧೪

ಪ್ರೀತಿಯ ತಂಗೀ,

ಹೇಗಿದ್ದೀಯೇ? ಐದು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ. ಬೈದುಕೋ, ಬೈದಾದ ಮೇಲೆ ಓದು. ನಾನೀಗ ನಡೆಯುತ್ತಿದ್ದೇನೆ! ಕೋಲಿಲ್ಲದೆ ಅಂಗಡಿಯ ಮೂರು ಮೆಟ್ಟಿಲು ಹತ್ತಿ, ಹೊಲಿಗೆ ಯಂತ್ರದ ಮುಂದೆ ಕೂತೇ ಈ ಕಾಗದ ಬರೆಯುತ್ತಿದ್ದೇನೆ.

ನೀನು ಹೋದ ಮೇಲಿನ ಕಥೆ ಕೇಳು. ಮಂಡಿ ಬದಲಿಸಿದ ಆಪರೇಷನ್ನಿನ ಹೊಲಿಗೆಯ ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ನೀನೇ ನೋಡಿದ್ದೆಯಲ್ಲ, ಅದು ಬಾಯಿ ಬಿಟ್ಟಿತು. ಕೀವು, ಜ್ವರ. ಸೋಂಕು ಎಂದು ಮೂಳೆ ಡಾಕ್ಟರು ಎರಡು ಸಲ ಬಿಚ್ಚಿ, ಕೆರೆದು ತೊಳೆದರು. ತೊಳೆದಷ್ಟೂ ಗಾಯ ಅಗಲವಾಯಿತು. ಲ್ಯಾಬಿನವರು ಎಷ್ಟು ಹುಡುಕಿದರೂ ಒಂದೇ ಒಂದು ಕ್ರಿಮಿ ಸಿಗಲಿಲ್ಲ. ಕೊನೆಗೆ, "ಹಾಕಿರೋ ಮಂಡಿ ತೆಗೆದುಬಿಡೋಣ, ಇಲ್ಲಾಂದ್ರೆ ಕಾಲಿಗೇ ಅಪಾಯ" ಅಂದರು. ಒಪ್ಪಿಗೆ ಪತ್ರ ಹಿಡಿದುಕೊಂಡು ನಿನ್ನ ಭಾವ ಕೂತೇಬಿಟ್ಟರು.

ಆಗ ಬ್ಯಾಂಡೇಜು ಬದಲಿಸುವ ನರ್ಸಮ್ಮ ನನ್ನ ಕೈ ತಿರುಗಿಸಿ ನೋಡಿದಳು. "ಡಾಕ್ಟ್ರೇ, ಡ್ರಿಪ್ ಚುಚ್ಚಿದ ಜಾಗದಲ್ಲೂ ಇದೇ ಥರ ಹುಣ್ಣಾಗಿದೆ. ಕೈಗೆ ಆಪರೇಷನ್ನೇ ಮಾಡಿಲ್ವಲ್ಲ?" ಮೂಳೆ ಡಾಕ್ಟರು ಕೈಯನ್ನೂ ಮಂಡಿಯನ್ನೂ ಮತ್ತೆ ನೋಡಿ ಚರ್ಮದ ಡಾಕ್ಟರನ್ನು ಕರೆಸಿದರು. ಆಕೆ ಪರೀಕ್ಷೆಗೆ ಚೂರು ಚರ್ಮ ತೆಗೆದುಕೊಂಡು ಹೋಗಿ, ಎರಡು ದಿನ ಬಿಟ್ಟು ಬಂದರು. "ಇದು ಸೋಂಕಲ್ಲಮ್ಮ, ಸೋಂಕಿನ ವೇಷ. ನಿಮ್ಮ ಮೈಯೇ ನಿಮ್ಮ ಚರ್ಮದ ಮೇಲೆ ಜಗಳಕ್ಕೆ ನಿಂತಿದೆ. ಚಾಕು ಮುಟ್ಟಿಸಿದಷ್ಟೂ ಕೆರಳುತ್ತೆ."

ಚಾಕು ನಿಂತಿತು, ಸ್ಟೆರಾಯ್ಡ್ ಶುರುವಾಯಿತು. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಗಾಯ ಮಾಯಲು ಮೂರು ತಿಂಗಳು ಹಿಡಿದರೂ ಮಂಡಿ ಉಳಿಯಿತು. ಚರ್ಮದ ಪರೀಕ್ಷೆಯ ಫಲ ಬಂದ ದಿನವೇ ಮೂಳೆ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, "ನನಗೆ ಹೊಳೀಲಿಲ್ಲಮ್ಮ, ತಪ್ಪಾಯ್ತು" ಅಂದಿದ್ದರು. ಮಾತ್ರೆಯಿಂದ ನನ್ನ ಮುಖ ಊದಿಕೊಂಡಿದೆ. "ಮದುವೇಲೂ ನಿನ್ನ ಮುಖ ಇಷ್ಟು ತುಂಬಿರ್ಲಿಲ್ಲ" ಎಂದು ನಿನ್ನ ಭಾವನ ತಮಾಷೆ.

ನೀನೂ ಮಕ್ಕಳೂ ನೂರು ಕಾಲ ತಣ್ಣಗಿರಿ.

ನಿನ್ನ ಅಕ್ಕ

ತಾ.ಕ.: ಇದು ಮರೆತು ಕೆಳಗೆ ಬರೆದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಗಿಡಗಳ ನರ್ಸರಿಯ ಕೆಲಸ ಮುಗಿಸಿ, ದಿನಾ ಎರಡು ಬಸ್ಸು ಬದಲಿಸಿ ಬಂದು ನನ್ನ ಗಾಯಕ್ಕೆ ಬಟ್ಟೆ ಕಟ್ಟಿದವಳು ನೀನು. ನಾನು ಎಲ್ಲರೆದುರು, "ನಿನ್ನ ಉಗುರಿನ ಮಣ್ಣೇ ನನ್ನ ಕಾಲು ಕೊಳೆಸಿದ್ದು" ಅಂದೆ. ನೀನು ನಿನ್ನ ಕೈಗಳನ್ನೇ ನೋಡಿಕೊಂಡು ಹೊರಟುಹೋದೆ. ಕ್ರಿಮಿಯೇ ಇರಲಿಲ್ಲ ಕಣೇ. ಡಾಕ್ಟರು ಗೊತ್ತಾದ ದಿನವೇ ತಪ್ಪೊಪ್ಪಿಕೊಂಡರು, ನನಗೆ ಇಷ್ಟು ತಿಂಗಳು ಬೇಕಾಯಿತು. ಭಾನುವಾರ ಆ ಎರಡು ಬಸ್ಸು ಬದಲಿಸಿ ನಾನು ಬರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನ್ನಿಷ್ಟ.