ಬೆರಳು ತೆಗೆಯಲಾಗದ ಗುಂಡಿ

ಮಾನ್ಯ ಸಹೋದರಿ,

ಗಾಬರಿಯಾಗಬೇಡಿ, ನಿಮ್ಮ ತಂದೆಯವರು ನಮ್ಮ ಯುದ್ಧ ಸಂಗ್ರಹಾಲಯದಲ್ಲೇ ಇದ್ದಾರೆ. ಯುದ್ಧದಲ್ಲಿ ಗಾಯಗೊಂಡ ಗೆಳೆಯ ವೈರ್‌ಲೆಸ್‌ನಲ್ಲಿ ಕರೆಯುತ್ತ ಕರೆಯುತ್ತಲೇ ಮೌನವಾದದ್ದನ್ನು ಅವರು ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದರು. ಮಕ್ಕಳು ಇಲ್ಲಿನ ಪ್ರದರ್ಶನಕ್ಕೆಂದು ಅಕ್ಕರೆಯಿಂದ ಆ ಕರೆಯನ್ನು ಮರುಸೃಷ್ಟಿಸಿದರು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ದನಿ ಕೇಳುತ್ತದೆ. ಮೊದಲು ಕೇಳುವ ಗೌರವ ಅವರಿಗೇ ಸಲ್ಲಲೆಂದು ಇಂದು ಅವರನ್ನು ಅದರ ಮುಂದೆ ಕೂರಿಸಿದೆವು. ಅವರು ಅದನ್ನು ಗೆಳೆಯನ ನಿಜವಾದ ಕರೆಯೆಂದೇ ನಂಬಿಬಿಟ್ಟರು.

"ಬಂದೆ ಕಣೋ! ಮಾತಾಡ್ತಾನೇ ಇರು, ಕಣ್ಣು ಮುಚ್ಬೇಡ!" ಎಂದು ಅವರು ಈಗಲೂ ಕೂಗುತ್ತಿದ್ದಾರೆ. ಒಮ್ಮೆ ದನಿ ನಿಲ್ಲಿಸಿದಾಗ ಅವರ ಉಸಿರೇ ಸಿಕ್ಕಿಕೊಂಡಿತು. "ಸರ್, ಬೆರಳು ತೆಗೆಯೋಕೆ ಭಯ ಆಗ್ತಿದೆ," ಎನ್ನುತ್ತಾಳೆ ಅದನ್ನು ರೂಪಿಸಿದ ಹುಡುಗಿ. ವೈದ್ಯರಿಗೆ ಹೇಳಿಕಳುಹಿಸಿದ್ದೇನೆ.

ದಯವಿಟ್ಟು ಪತ್ರ ತಂದ ಕಾರಿನಲ್ಲೇ ಬನ್ನಿ. ಮನೆಯಲ್ಲಿ ಊಟಕ್ಕೆ ಕರೆಯುವಂತೆಯೇ "ಅಪ್ಪಾ" ಎನ್ನಿ. ನಿಮ್ಮ ದನಿಗೆ ಅವರು ತಿರುಗಿ ನೋಡಿಯಾರೆಂಬ ಆಸೆ ನನ್ನದು. ಅಲ್ಲಿಯವರೆಗೆ ನಾವು ಗುಂಡಿ ಬಿಡುವುದಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಮಕ್ಕಳ ಮೇಷ್ಟ್ರು