ಬಿಡುಗಡೆಯಲ್ಲ, ವಿಮೋಚನೆ

ಗೆಳತಿ,

ನನ್ನ ಮೇಲೆ ಯಾರೋ ಹೆಸರು ಹಾಕದೆ ಟೈಪ್ ಮಾಡಿ ಕೊಟ್ಟ ದೂರು ನಿನ್ನದೇ ಅಂತ ಆರು ವರ್ಷ ನಂಬಿದ್ದೆ. ಕಾರಣ ಒಂದೇ ಪದ. "ಈ ಮೇಡಂ ಕೈಯಿಂದ ನಮಗೆ ವಿಮೋಚನೆ ಕೊಡಿಸಿ" ಅಂತಿತ್ತು. ನಮ್ಮ ಕಚೇರಿಯಲ್ಲಿ ಕಾಲುವೆಗೆ ನೀರು ಬಿಟ್ಟರೂ, ವರ್ಗವಾದ ನೌಕರನನ್ನು ಕಳಿಸಿಕೊಟ್ಟರೂ ಎಲ್ಲರೂ ಬರೆಯುವುದು 'ಬಿಡುಗಡೆ'. ಹಿಡಿದವರೇ ಬಿಟ್ಟರೆ ಬಿಡುಗಡೆ, ಪೀಡೆಯಿಂದ ಪಾರಾದರೆ ವಿಮೋಚನೆ ಅಂತ ಅಲ್ಲೇ ಜೊತೆಗೆ ಕೆಲಸ ಮಾಡುತ್ತಿದ್ದ ನಿನಗೆ ಹೇಳಿಕೊಟ್ಟವಳು ನಾನೇ. ದೂರು ಓದಿದ ದಿನವೇ ನಿನ್ನ ಜೊತೆ ಮಾತು ಬಿಟ್ಟೆ. ಸಾಯುವ ಮುಂಚೆ ನೀನು ಆಸ್ಪತ್ರೆಯಿಂದ ಹೇಳಿ ಕಳಿಸಿದಾಗಲೂ ಬರಲಿಲ್ಲ.

ಇವತ್ತು ಹಳೇ ಕಡತಗಳ ನಡುವೆ ಆ ಹಾಳೆ ಸಿಕ್ಕಿತು. ಹಿರಿಯ ಗುಮಾಸ್ತರಿಗೆ ತೋರಿಸಿ, "ನೋಡಿ, ಇದು ಅವಳದ್ದೇ ಪದ" ಅಂದೆ.

ಅವರು ಕನ್ನಡಕ ಏರಿಸಿ ಓದಿ ನಕ್ಕರು. "ಅವರೊಬ್ಬರದ್ದೇನಮ್ಮ? ನಮ್ಮೆಲ್ಲರ ಕರಡಿನಲ್ಲೂ ತಿದ್ದಿ ತಿದ್ದಿ ತಲೆಗೆ ತುಂಬಿದ್ರಲ್ಲ ನೀವು. ಈಗ ನಾನೂ ಹಾಗೇ ಬರೀತೀನಿ."

ಆಮೇಲೆ ಸಂಜೆವರೆಗೂ ಒಂದೊಂದೇ ಮೇಜಿನತ್ತ ಕಳ್ಳಗಣ್ಣಿನಿಂದ ನೋಡುತ್ತ ಕೂತಿದ್ದೆ, ಗುಮಾಸ್ತರನ್ನೂ ಬಿಡಲಿಲ್ಲ. ಇಷ್ಟಾದರೂ ನೀನಲ್ಲ ಅಂತ ನನಗೆ ಖಾತ್ರಿಯಾಗಿಲ್ಲ.

ಕೇಳಿದ್ದರೆ ನೀನು ನಿಜ ಹೇಳುತ್ತಿದ್ದೆ. ಅದು ನನಗೆ ಆಗಲೂ ಗೊತ್ತಿತ್ತು.